ಶರ್ಯತ್ತಿನ ಬೆನ್ನು ಹತ್ತಿ

ನಮ್ಮ ಕಡೆ ಗಾಡಿ ಶರ್ಯತ್ತನ್ನು ಯಾರೂ ನಿಂತು ನೋಡುವುದಿಲ್ಲ, ಬೆನ್ನು ಹತ್ತುತ್ತಾರೆ. ಸಾವಳಗಿ ಸುತ್ತಲಿನ ಯಾವ ಊರಿನ ಜಾತ್ರೆಯಾದರೂ ಸರಿ, ಗಾಡಿ ಬಿಡುವ ಜಾಗದಲ್ಲಿ ಎತ್ತುಗಳಿಗಿಂತ ಮೋಟರ್‌ಸೈಕಲ್ಲುಗಳೇ ಹೆಚ್ಚು. ಬಾವುಟ ಬಿದ್ದದ್ದೇ ತಡ, ಎತ್ತು ನೆಗೆಯುತ್ತವೆ, ಅವುಗಳ ಹಿಂದೆ ನೂರಾರು ಬೈಕು ಒಮ್ಮೆಲೇ ಹೊರಡುತ್ತವೆ. ಮುಂದೆ ಕುಳಿತವನು ಹಾರ್ನಿನ ಮೇಲಿಂದ ಬೆರಳು ತೆಗೆಯುವುದಿಲ್ಲ. ಹಿಂದಿನವನು ಕುಳಿತಿರುವುದೇ ಇಲ್ಲ, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಟವೆಲ್ ಬೀಸುತ್ತಿರುತ್ತಾನೆ. ಅರ್ಧ ಫರ್ಲಾಂಗು ದಾಟುವುದರೊಳಗೆ ಧೂಳೆದ್ದು ಗಾಡಿಯೂ ಕಾಣದು, ಎತ್ತೂ ಕಾಣದು. ಮುಂದಿನ ಬೈಕಿನ ನಂಬರ್ ಪ್ಲೇಟು ಕಂಡರೆ ಪುಣ್ಯ. ಆದರೂ ತಿರುಗಿ ಬಂದಮೇಲೆ ಎಲ್ಲರೂ ಎಲ್ಲವನ್ನೂ ಕಂಡವರೇ. ಯಾರ ಎತ್ತು ಯಾವ ಹಳ್ಳದ ಹತ್ತಿರ ಬಿರುಸು ಕಳೆದುಕೊಂಡಿತು, ಯಾರು ಬಾರಕೋಲು ಬೀಸಬಾರದ ಕಡೆ ಬೀಸಿದ ಎಂದು ಚಹಾದಂಗಡಿಯಲ್ಲಿ ರಾತ್ರಿ ಹತ್ತರ ತನಕ ವಾದ ನಡೆಯುತ್ತದೆ.

ಅಕ್ಕನ ಮಗ ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟುಕೊಂಡಿದ್ದಾನೆ. ನಾನು ಹೈಸ್ಕೂಲು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಇಂಥ ಶರ್ಯತ್ತುಗಳಿಗೆ ಅವನ ಬೈಕಿನ ಹಿಂದೆ ಹೋಗುತ್ತೇನೆ, ಎದ್ದು ಮಾತ್ರ ನಿಲ್ಲುವುದಿಲ್ಲ. 2023ರ ಬೇಸಿಗೆಯಲ್ಲಿ, ಮೇ 18ರಂದು, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳ, ಎತ್ತಿನ ಗಾಡಿ ಓಟಗಳಿಗೆ ಅವಕಾಶ ಕೊಟ್ಟ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿದಾಗ ಗ್ಯಾರೇಜಿನ ಮುಂದೆ ಪೇಡೆ ಹಂಚಿದ್ದರು. ಅದೇ ಪೇಡೆ ಬಾಯಲ್ಲಿರುವಾಗಲೇ ಅಳಿಯ ಹೇಳಿದ್ದು: "ಮಾಮಾ, ಸಪ್ಟಂಬರದಾಗ ಮೋಟೋಜಿಪಿ ನಮ್ಮ ದೇಶಕ್ಕ ಬರಾಕತ್ತೈತಿ. ಹೋಗೂಣು ಬರ್ರಿ."

ಎಲ್ಲಿ ಎಂದೆ. ದಿಲ್ಲಿ ಪಕ್ಕದ ಗ್ರೇಟರ್ ನೋಯ್ಡಾ ಎಂದ. ಅಲ್ಲಿ ಬೆನ್ನು ಹತ್ತಲು ಬಿಡುತ್ತಾರೇನು ಎಂದೆ. ಅವನು ನಕ್ಕ.

ಅವನ ಕಿವಿಯ ಬಗ್ಗೆ ಮೊದಲು ಹೇಳಬೇಕು. ನನ್ನ ಹತ್ತಿರ ಹಳೆಯದೊಂದು ಎಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಗಾಡಿ, ಎರಡು ಸೈಲೆನ್ಸರಿನದು. ಒಂದೇ ಲಿವರನ್ನು ಎಳೆದು ಒದ್ದರೆ ಕಿಕ್ಕು, ಮುಂದಕ್ಕೆ ಮಲಗಿಸಿದರೆ ಗೇರು. 1961ರಲ್ಲಿ ಗಾಡಿ ತಯಾರಿಸಲು ತೊಡಗಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಬಿಡಿಭಾಗ ಸಿಗದಾಯಿತು. ಸಿಗದ ಭಾಗಗಳ ಗಾಡಿಯನ್ನು ಬದುಕಿಸಿಡುವವನಿಗೆ ಅದರ ಉಸಿರು ಗೊತ್ತಿರಬೇಕು. ಹನ್ನೆರಡು ವರ್ಷದ ಹುಡುಗ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ನಾನು ಶಾಲೆಯಿಂದ ಬರುವ ಸದ್ದು ಕೇಳಿ, "ಮಾಮಾ, ಪ್ಲಗ್ ಹೊಲಸಾಗೈತಿ" ಎಂದು ನಾನು ಇಳಿಯುವ ಮುಂಚೆಯೇ ಹೇಳುತ್ತಿದ್ದ. ಇವತ್ತು ಅವನ ಗ್ಯಾರೇಜಿಗೆ ಬಂದವರು ರೋಗ ಹೇಳಬೇಕಿಲ್ಲ. ಒಂದು ಸುತ್ತು ಹೊಡೆದು ಬರಲು ಹೇಳುತ್ತಾನೆ, ತಾನು ಇನ್ನೊಂದು ಗಾಡಿಯ ಕೆಳಗೆ ಮಲಗಿಯೇ ಇರುತ್ತಾನೆ, ಪಾನಾ ಕೈಯಲ್ಲಿ ಹಿಡಿದು ಕೇಳಿಸಿಕೊಳ್ಳುತ್ತಾನೆ. ಟ್ಯಾಪೆಟ್ಟೋ ಟೈಮಿಂಗ್ ಚೈನೋ ಎಂದು ಅಲ್ಲಿಂದಲೇ ಕೂಗುತ್ತಾನೆ.

ಹೊರಟದ್ದು ಚೌತಿಯ ವಾರ. ಅಕ್ಕನಿಗೆ ಸಿಟ್ಟು. "ಗಣಪ್ಪನ್ನ ಕುಂಡ್ರಿಸಿ ಮನಿ ಬಿಟ್ಟು ಹೊಂಟೀರಲ್ಲ. ಯಾರದೋ ಮಕ್ಕಳು ಗಾಡಿ ಓಡಸೋದು ನೋಡಾಕ ದಿಲ್ಲಿತನಾ ಹೋಗಬೇಕೇನೋ ತಮ್ಮಾ? ನೀನೂ ಅವನ ಜೋಡಿ ಕುಣೀತಿ." ಬೈಯುತ್ತಲೇ ಖಡಕ್ ರೊಟ್ಟಿ ಕಟ್ಟಿದಳು, ಶೇಂಗಾ ಚಟ್ನಿ, ಕೆಂಪು ಖಾರ, ಒಂದು ಡಬ್ಬಿ ಶೇಂಗಾ ಹೋಳಿಗೆ.

ಮೂರನೆಯವನು ಬನಹಟ್ಟಿಯ ಹುಡುಗ, ಅಳಿಯನ ಗೆಳೆಯ. ಮನೆಯಲ್ಲಿ ನಾಲ್ಕು ಪವರ್‌ಲೂಮ್. ಜಮಖಂಡಿಗೆ ಬಂದು, ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆ ದಾಟಿ ಸಾವಳಗಿಗೆ ಬಂದಿಳಿದ. 1989ರಲ್ಲಿ ರೈತರೇ ದುಡ್ಡು ಕೂಡಿಸಿ ಕಲ್ಲು ಮಣ್ಣು ಹೊತ್ತು ಅಲ್ಲಿ ಕಟ್ಟಿದ ಬ್ಯಾರೇಜಿನಿಂದಲೇ ನಮ್ಮ ಭಾಗದಲ್ಲಿ ಕಬ್ಬು ಕಾಣಿಸಿದ್ದು. ಆಮೇಲೆ ಟ್ರ್ಯಾಕ್ಟರು ಬಂದವು, ಬೈಕು ಬಂದವು. ಅಳಿಯನ ಗ್ಯಾರೇಜಿಗೂ ಒಂದು ರೀತಿಯಲ್ಲಿ ಅಲ್ಲಿಂದಲೇ ನೀರು ಹರಿದಿದೆ. ಹುಡುಗನ ಮೈಮೇಲೆ ಹಳದಿ ಟೀ ಶರ್ಟು, ಎದೆಯ ಮೇಲೆ 46. ವಾಲೆಂಟಿನೊ ರೋಸ್ಸಿಯ ನಂಬರು. ರೋಸ್ಸಿ 2021ರಲ್ಲೇ ರೇಸು ಬಿಟ್ಟಿದ್ದಾನಲ್ಲ ಎಂದರೆ, "ಬಿಟ್ಟರ ಏನಾತ್ರೀ ಸರ್ರ, ಅಂವಾ ಟೀಮ್ ಇಟ್ಟಾನಲ್ಲ" ಎಂದು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ. ಅವನ ಮಾತೇ ಹಾಗೆ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನ ಮೇಲೆ ಮಾತಾಡಿ ಬೆಳೆದವನು, ಮೆಲ್ಲಗೆ ಆಡುವುದು ಗೊತ್ತಿಲ್ಲ.

ಅಥಣಿ, ಕಾಗವಾಡ ದಾಟಿ ಮಿರಜಿಗೆ. ನಮ್ಮ ಭಾಗದವರಿಗೆ ಮಿರಜಿ ಎಂದರೆ ದವಾಖಾನೆ. ಕೈಯಲ್ಲಿ ಎಕ್ಸ್‌ರೇ ಲಕೋಟೆ ಇಲ್ಲದೆ ನಾನು ಆ ಸ್ಟೇಷನ್ನಿನಲ್ಲಿ ನಿಂತದ್ದು ಅದೇ ಮೊದಲು. ರಾತ್ರಿ ಗೋವಾ ಎಕ್ಸ್‌ಪ್ರೆಸ್ ಹತ್ತಿದೆವು. ಪುಣೆ, ಮನಮಾಡ, ಭುಸಾವಳ, ಭೋಪಾಳ, ಝಾನ್ಸಿ... ಎರಡು ರಾತ್ರಿ, ನಡುವೆ ಒಂದು ಹಗಲು. ಆ ಹಗಲಿನಲ್ಲಿ ಅಳಿಯ ನನಗೆ ಪಾಠ ಮಾಡಿದ. ನಾನು ಮೂವತ್ತು ವರ್ಷ ಪಾಠ ಮಾಡಿದವನು, ಬೆಂಚಿನ ಈ ಕಡೆ ಕುಳಿತು ರೂಢಿಯಿಲ್ಲ. ಆದರೂ ಕೇಳಿದೆ.

ರೇಸು ಒಂದೇ ಇರುವುದಿಲ್ಲ, ಮೂರು ವರ್ಗ. ಮೋಟೋ3 ಸಣ್ಣವರದು, 250 ಸಿಸಿ, ಒಂದೇ ಸಿಲಿಂಡರು. ಮೋಟೋ2ದಲ್ಲಿ ಎಲ್ಲರಿಗೂ ಒಂದೇ ಎಂಜಿನ್ನು, ಟ್ರಯಂಫ್ ಕಂಪನಿಯ 765 ಸಿಸಿ, ಮೂರು ಸಿಲಿಂಡರು. ಮೋಟೋಜಿಪಿ ಎಂದರೆ 1000 ಸಿಸಿ, ನಾಲ್ಕು ಸಿಲಿಂಡರು. ಗಾಡಿಯ ತೂಕ ಕಡಿಮೆಯೆಂದರೆ 157 ಕೆ.ಜಿ. ಇರಬೇಕು, ಟಾಕಿಗೆ 22 ಲೀಟರಿಗಿಂತ ಹೆಚ್ಚು ಪೆಟ್ರೋಲ್ ಹಾಕುವಂತಿಲ್ಲ. ಶುಕ್ರವಾರ ಅಭ್ಯಾಸ. ಶನಿವಾರ ಬೆಳಗ್ಗೆ ಯಾರು ಎಲ್ಲಿ ನಿಲ್ಲಬೇಕೆಂಬ ತೀರ್ಮಾನ, ಮಧ್ಯಾಹ್ನ ಸ್ಪ್ರಿಂಟ್ ಎಂಬ ಅರ್ಧ ರೇಸು. ಅದು ಆ ವರ್ಷವೇ ಹೊಸದಾಗಿ ಬಂದದ್ದು. ಭಾನುವಾರ ಪೂರ್ತಿ ರೇಸು.

ಎದುರಿನ ಸೀಟಿನಲ್ಲಿ ಕುಳಿತಿದ್ದ ಸಾತಾರಾ ಕಡೆಯ ಮುದುಕರು ಇಷ್ಟೂ ಹೊತ್ತು ಕೇಳಿಸಿಕೊಂಡು, ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಆ ಗಾಡಿ ಮೈಲೇಜ್ ಎಷ್ಟು ಕೊಡುತ್ತದೆ? ಅಳಿಯನಿಗೆ ಮುಖ ಸಪ್ಪಗಾಯಿತು. ಗ್ಯಾರೇಜಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ರೈಲಿಗೂ ಬಂದಿತ್ತು. ಲೆಕ್ಕ ನಾನು ಹಾಕಿ ಹೇಳಿದೆ, ಲೀಟರಿಗೆ ಐದರ ಆಸುಪಾಸು. ಮುದುಕರು ಟೋಪಿ ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದರು. ಅಲ್ಲಿಗೆ ಮೋಟೋಜಿಪಿಯ ಬಗ್ಗೆ ಅವರಿಗಿದ್ದ ಆಸಕ್ತಿ ಮುಗಿಯಿತು.

ಆ ಸರ್ಕೀಟು 5 ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ದಾರಿ. ಯಮುನಾ ಎಕ್ಸ್‌ಪ್ರೆಸ್‌ವೇ ಬದಿಗೆ ಇದೆ, ಹೆಸರು ಬುದ್ಧ ಇಂಟರ್‌ನ್ಯಾಷನಲ್ ಸರ್ಕೀಟ್. ಇಷ್ಟು ಗದ್ದಲದ ಜಾಗಕ್ಕೆ ಬುದ್ಧನ ಹೆಸರೇಕೆಂದು ಮೊದಲು ನಗು ಬಂತು. ಆದರೆ ಆ ಜಿಲ್ಲೆಯೇ ಗೌತಮ ಬುದ್ಧ ನಗರ. 2011ರಿಂದ 2013ರ ತನಕ ಇಲ್ಲಿ ಫಾರ್ಮುಲಾ ಒನ್ ಕಾರುಗಳು ಓಡಿದ್ದವು, ಮೂರು ಸಲವೂ ಗೆದ್ದವನು ಸೆಬಾಸ್ಟಿಯನ್ ವೆಟಲ್. ಆಮೇಲೆ ಹತ್ತು ವರ್ಷ ದೊಡ್ಡ ರೇಸು ಅಂತ ಬಂದದ್ದಿಲ್ಲ. ಈ ಸಲ ವೀಸಾ ತಡವಾಗಿ ಹಲವು ಸವಾರರು ವಾರದ ಕೊನೆಗೆ ಓಡೋಡಿ ಬಂದರೆಂದು ಪತ್ರಿಕೆಯಲ್ಲಿತ್ತು. ಮಾರ್ಕ್ ಮಾರ್ಕೆಜ್‌ನಂಥವನೂ ಕಾಯ್ದನಂತೆ. ಆ ಹೊತ್ತಿಗಾಗಲೇ ಆರು ಸಲ ಮೋಟೋಜಿಪಿ ಚಾಂಪಿಯನ್ ಆಗಿದ್ದವನೂ ವೀಸಾಕ್ಕೆ ಕಾಯಬೇಕೆಂದು ತಿಳಿದಾಗ, ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಸಮಾಧಾನವೇ ಆಯಿತು.

ಪರಿ ಚೌಕದ ಹತ್ತಿರ ಲಾಡ್ಜಿನಲ್ಲಿ ಒಂದೇ ರೂಮು, ಮೂರು ಜನ. ಬೆಳಗ್ಗೆ ರೊಟ್ಟಿ ಮುರಿದು ತಿಂದು ಹೋಗುವುದು, ರಾತ್ರಿ ಬಂದು ಉಳಿದ ರೊಟ್ಟಿ ತಿನ್ನುವುದು. ನಡುವಿನ ಹೊತ್ತೆಲ್ಲ ಬಿಸಿಲು. ಬಿಸಿಲು ನಮಗೇನು ಹೊಸದಲ್ಲ, ಏಪ್ರಿಲ್‌ನಲ್ಲಿ ಸಾವಳಗಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಯಾವ ಊರಿನ ಬಿಸಿಲೂ ಲೆಕ್ಕಕ್ಕಿಲ್ಲ. ಆದರೆ ನಮ್ಮದು ಒಣ ಬಿಸಿಲು, ಬೆವರು ಬಂದಲ್ಲೇ ಆರುತ್ತದೆ. ಅಲ್ಲಿಯದು ಕುದಿಯುವ ಪಾತ್ರೆಯ ಮೇಲೆ ಮುಖವಿಟ್ಟಂಥ ಸೆಕೆ. ಅಂಗಿ ಬೆನ್ನಿಗೆ ಅಂಟಿದ್ದು ಮೂರು ದಿನವೂ ಬಿಡಲಿಲ್ಲ.

ನಮ್ಮ ಟಿಕೆಟು ಅಗ್ಗದ ಸ್ಟ್ಯಾಂಡಿನದು. ಒಂದು ಕಿಲೋಮೀಟರಿಗೂ ಮಿಗಿಲಾದ ಹಿಂಬದಿಯ ನೇರ ದಾರಿ ಮುಗಿದು, ಗಾಡಿಗಳು ಬ್ರೇಕು ಹಿಡಿದು ತಿರುಗುವ ಕಡೆ. ಮೊದಲನೆಯ ದಿನ ಮೊದಲ ಸಲ ಮೋಟೋಜಿಪಿ ಗಾಡಿ ನಮ್ಮೆದುರು ಹಾದಾಗ ನಾನು ಏನನ್ನೂ ನೋಡಲಿಲ್ಲ. ಇದು ಅಲಂಕಾರದ ಮಾತಲ್ಲ. ಗಾಡಿ ಬರುತ್ತದೆಂದು ಎಡಕ್ಕೆ ನೋಡುತ್ತಿದ್ದೆ, ಸದ್ದು ಎದೆಗೆ ಬಡಿದು ಕಣ್ಣು ಮುಚ್ಚಿತು, ತೆರೆದಾಗ ಬಲಗಡೆ ಯಾವುದೋ ಬಣ್ಣ ತಿರುವಿನಲ್ಲಿ ಒರಗಿ ಹೋಗುತ್ತಿತ್ತು. ಎರಡನೆಯದಕ್ಕೂ ಹಾಗೇ. ಬನಹಟ್ಟಿ ಹುಡುಗ ಜೇಬಿನಿಂದ ಅರಳೆ ತೆಗೆದು ಉಂಡೆ ಮಾಡಿ ಕೊಟ್ಟ. "ಹಾಕ್ಕೊರ್ರಿ ಸರ್ರ, ನಮ್ಮಪ್ಪ ಹಾಕ್ಕೊಲಾರದ ಕೆಪ್ಪ ಆಗ್ಯಾನ." ಅಷ್ಟು ಸದ್ದಿನ ನಡುವೆಯೂ ಅವನ ಮಾತು ಸ್ಪಷ್ಟವಾಗಿ ಕೇಳಿಸಿತು. ರೈಲಿನಲ್ಲಿ ರಾತ್ರಿಯೆಲ್ಲ ಬೈಸಿಕೊಂಡ ಆ ಗಂಟಲು ಅಲ್ಲಿ ಉಪಯೋಗಕ್ಕೆ ಬಂತು. ಸುತ್ತಲಿನ ಹತ್ತು ಜನ ಅವನ ಮೂಲಕವೇ ಮಾತಾಡತೊಡಗಿದರು.

ಅರಳೆ ಹಾಕಿಕೊಂಡು ಕುಳಿತ ಮೇಲೆ ಅಳಿಯನನ್ನು ನೋಡಿದೆ. ಅವನು ಕಿವಿಗೆ ಏನೂ ಹಾಕಿಕೊಂಡಿರಲಿಲ್ಲ. ಕಣ್ಣು ಮುಚ್ಚಿದ್ದ. ಸಾವಿರಗಟ್ಟಲೆ ರೂಪಾಯಿ ಖರ್ಚು ಮಾಡಿ, ಎರಡು ರಾತ್ರಿ ರೈಲಿನಲ್ಲಿ ಬಂದು, ಗಾಡಿ ಎದುರಿಗೆ ಹಾಯುವಾಗ ಕಣ್ಣು ಮುಚ್ಚಿ ಕುಳಿತಿದ್ದಾನಲ್ಲ ಎಂದು ತೊಡೆ ತಟ್ಟಿದೆ.

"ಹೊಂಡತನಾ ಸುಮ್ಕಿರ್ರಿ ಮಾಮಾ. ಗೇರ್ ಎಣಸಾಕತ್ತೇನಿ."

ಆಮೇಲೆ ವಿವರಿಸಿದ. ನಮ್ಮ ಗಾಡಿಗಳಲ್ಲಿ ಗೇರು ಬದಲಿಸುವಾಗ ನಡುವೆ ಒಂದು ಕ್ಷಣ ಎಂಜಿನ್ನಿನ ಎಳೆತ ಚಕ್ರಕ್ಕೆ ಮುಟ್ಟುವುದಿಲ್ಲ, ಸದ್ದು ಅಲ್ಲಿ ಒಂದು ಉಸಿರು ಬಿಡುತ್ತದೆ. ಈ ಗಾಡಿಗಳ ಗೇರ್‌ಬಾಕ್ಸೇ ಬೇರೆ, ಒಂದು ಗೇರು ಬಿಡುವುದರೊಳಗೆ ಮುಂದಿನದು ಹಿಡಿದಿರುತ್ತದೆ. ಮೇಲಕ್ಕೆ ಹೋಗುವಾಗ ಸದ್ದು ಕಡಿಯುವುದಿಲ್ಲ, ಸ್ವರ ಮಾತ್ರ ಇಳಿಯುತ್ತದೆ. "ಗೇರ್ ಬಿದ್ದದ್ದ ಗೊತ್ತಾಗಂಗಿಲ್ಲ ಮಾಮಾ, ಹಾಡವ್ರು ಮೇಲಿನ ಸ್ವರದಿಂದ ಕೆಳಗ ಜಾರತಾರಲ್ಲ, ಹಂಗ." ಬ್ರೇಕು ಹಿಡಿದಾಗ ಮಾತ್ರ ಕೆಳಗೇರುಗಳು ಒಂದರ ಹಿಂದೊಂದು ಬೀಳುವುದನ್ನು ಎಣಿಸಬಹುದು. ಹೇಳಿದ ಮೇಲೆ ನನಗೂ ಕೇಳಿಸಿತು, ಪಟಪಟಪಟ ಎಂದು ಮೆಟ್ಟಿಲು ಇಳಿದಂತೆ.

ಅಲ್ಲಿಂದ ನಮ್ಮ ಮೂರು ದಿನದ ಆಟವೇ ಅದಾಯಿತು. ಮೋಟೋ3 ಹುಡುಗರು ಗುಂಪಾಗಿ ಬರುವಾಗ ಒಂಟಿ ಸಿಲಿಂಡರಿನ ಇಪ್ಪತ್ತು ಮೂವತ್ತು ಗಾಡಿಗಳ ಸದ್ದು ಒಂದಕ್ಕೊಂದು ತಾಕಿ ಕೀರಲಾಗಿ ಏಳುತ್ತಿತ್ತು. ಬನಹಟ್ಟಿ ಹುಡುಗ ಥಟ್ಟನೆ ಎದ್ದು ನಿಂತ. "ಸರ್ರ, ಕರೆಂಟ್ ಹೋಗಿ ಬಂದಾಗ ನಮ್ಮ ಓಣಿ ಹಿಂಗ ಆಕ್ಕೈತ್ರೀ!" ಓಣಿಯ ಅಷ್ಟೂ ಮಗ್ಗಗಳು ಒಂದೇ ಏಟಿಗೆ ಎಚ್ಚರಾಗುವ ಸದ್ದು. ನಾನೂ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಿಂತು ಅದನ್ನು ಕೇಳಿದ್ದೇನೆ. ನಮ್ಮಂಥವರಿಗೆ ಅದು ಬರೀ ಖಟಖಟ. ಅವನ ತಾಯಿ ಒಳಮನೆಯಲ್ಲಿ ರೊಟ್ಟಿ ಬಡಿಯುತ್ತಲೇ "ಮೂರನೇದರಾಗ ಎಳಿ ಹರೀತು ನೋಡು" ಎನ್ನುತ್ತಾಳಂತೆ. ಲಾಳಿ ಅತ್ತಿಂದಿತ್ತ ಹೋಗುವ ತಾಳದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವಳಿಗೆ ತಿಳಿಯುತ್ತದೆ.

ಶನಿವಾರ ಸ್ಪ್ರಿಂಟಿಗೆ ಮುಂಚೆ ಮಳೆ ಬಂದು ತಡವಾಯಿತು. ತೊಯ್ದ ಜನ ಎದ್ದು ಹೋಗಲಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ಬೆಂಗಳೂರಿನ ಐದಾರು ಹುಡುಗರು ಕನ್ನಡ ಬಾವುಟ ಹಿಡಿದು ಕುಳಿತಿದ್ದರು. ಬೈಕಿನಲ್ಲೇ ಬಂದವರು, ಅಂಗೈಯಲ್ಲಿ ಬೊಬ್ಬೆ. ಅವರಲ್ಲೊಬ್ಬ ನಮ್ಮ ಮಾತು ಕೇಳಿ ಬಗ್ಗಿದ.

"ಸಾರ್, ಯಾವೂರು ನಿಮ್ದು?"

"ಸಾವಳಗಿ."

"ಅದೆಲ್ಲಿ ಬರುತ್ತೆ ಸಾರ್?"

"ಜಮಖಂಡಿ ತಾಲೂಕು, ಬಾಗಲಕೋಟಿ ಜಿಲ್ಲಾ."

"ಓ, ಮುಧೋಳ ನಾಯಿ ಕಡೆ!"

ನಮ್ಮನ್ನು ನಾಯಿಯಿಂದ ಗುರುತಿಸುವುದು ಇದು ಮೊದಲಲ್ಲ, ಬೇಜಾರಿಲ್ಲ. ಅದೂ ಓಟದ ಪ್ರಾಣಿಯೇ. ಆ ಹುಡುಗರು ಬಾವುಟದ ಹಳದಿ ರೋಸ್ಸಿಯವರಿಗೆ, ಕೆಂಪು ಮಾರ್ಕೆಜ್ ಕಡೆಯವರಿಗೆ ಎಂದು ಹಂಚಿಕೊಂಡಿದ್ದರು. ಅವರು ಡಕಾರ್ ರ‍್ಯಾಲಿಯ ಮಾತೆತ್ತಿದರು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅದನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ. 2019ರಲ್ಲಿ ಐಶ್ವರ್ಯಾ ಪಿಸ್ಸೆ ಮರಳುಗಾಡಿನ ಬಾಹಾ ರೇಸುಗಳ ಮಹಿಳಾ ವಿಶ್ವಕಪ್ ಗೆದ್ದವಳು, ಆಕೆಯೂ ಬೆಂಗಳೂರಿನವಳೇ. ಮಣ್ಣಿನಲ್ಲಿ, ಮರಳಿನಲ್ಲಿ ನಮ್ಮವರು ಹೆಸರು ಮಾಡಿದ್ದಾರೆ. ಈ ನುಣುಪಾದ ಡಾಂಬರಿನ ಮೇಲೆ ಇನ್ನೂ ಇಲ್ಲ. ಮಳೆ ನಿಂತು ಸ್ಪ್ರಿಂಟು ನಡೆಯಿತು, ಸ್ಪೇನಿನ ಹೋರ್ಹೆ ಮಾರ್ಟಿನ್ ಗೆದ್ದ. ಮೊದಲ ಸ್ಥಾನದಿಂದ ಹೊರಟಿದ್ದ ಇಟಲಿಯ ಮಾರ್ಕೊ ಬೆಜ್ಜೆಕಿಗೆ ಮೊದಲ ತಿರುವಿನಲ್ಲೇ ಹಿಂದಿನಿಂದ ಬಂದು ಗುದ್ದಿದವನು ಅವನದೇ ತಂಡದ ಲೂಕಾ ಮರೀನಿ. ಮರೀನಿಯ ಕೊರಳೆಲುಬು ಮುರಿಯಿತು. ಬೆಜ್ಜೆಕಿ ಕಟ್ಟಕಡೆಗೆ ಬಿದ್ದು, ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಐದನೆಯವನಾದ. ಇಬ್ಬರೂ ರೋಸ್ಸಿಯ ತಂಡದವರು, ಮರೀನಿಯಂತೂ ರೋಸ್ಸಿಯ ತಾಯಿಯ ಮಗ. ಬನಹಟ್ಟಿ ಹುಡುಗ ಆ ರಾತ್ರಿ ಒಂದೂವರೆ ರೊಟ್ಟಿ ಮಾತ್ರ ತಿಂದ.

ಭಾನುವಾರ, ಸೆಪ್ಟೆಂಬರ್ 24. ಮೋಟೋ3ನ್ನು ಹೌಮೆ ಮಾಸಿಯಾ, ಮೋಟೋ2ನ್ನು ಪೆದ್ರೊ ಅಕೋಸ್ಟಾ ಗೆದ್ದರು. ದೊಡ್ಡ ರೇಸಿಗೆ ಸೆಕೆಯ ಕಾರಣದಿಂದ 24 ಸುತ್ತುಗಳನ್ನು 21ಕ್ಕೆ ಇಳಿಸಿದ್ದಾರೆಂದು ಘೋಷಣೆಯಾಯಿತು. ಕೆಲವರು ಗೊಣಗಿದರು. ಅಳಿಯ ತಲೆಯಾಡಿಸಿದ. "ಸರಿ ಮಾಡ್ಯಾರ. ಬಿಸಲ ಏರಿದರ ಎತ್ತಿನ ಕೊಳ್ಳ ಹರೀತಾರಲ್ಲ."

ನಾನು ಕುಳಿತಲ್ಲೇ ಒಂದು ಲೆಕ್ಕ ಹಾಕಿದೆ. ಒಂದು ಸುತ್ತಿಗೆ ಒಂದೂಮುಕ್ಕಾಲು ನಿಮಿಷ. ಅದರಲ್ಲಿ ಗಾಡಿಗಳು ನಮ್ಮ ಕಣ್ಣಿಗೆ ಬೀಳುವುದು ಹೆಚ್ಚೆಂದರೆ ಹತ್ತು ಸೆಕೆಂಡು. 21 ಸುತ್ತಿಗೆ ಮೂರೂವರೆ ನಿಮಿಷ. ಉಳಿದ ಹೊತ್ತೆಲ್ಲ ಖಾಲಿ ರಸ್ತೆ ನೋಡುತ್ತ, ದೂರದಲ್ಲಿ ತಿರುಗುವ ಸದ್ದು ಕೇಳುತ್ತ ಕಾಯುವುದು. ಊರಲ್ಲಿ ಧೂಳು ಮುಚ್ಚುತ್ತದೆ, ಇಲ್ಲಿ ವೇಗವೇ ಮುಚ್ಚುತ್ತದೆ. ಊರಲ್ಲಿ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಟವೆಲ್ ಬೀಸುವ ಅಳಿಯ ಇಲ್ಲಿ ತಂತಿ ಬೇಲಿಯ ಹಿಂದೆ ಕೈಕಟ್ಟಿ ಕುಳಿತಿದ್ದಾನೆ. ನೋಡಿದರೆ ಸುಮ್ಮನಿದ್ದಂತೆ. ಆದರೆ ಅವನ ತಲೆ ಮೆಲ್ಲಗೆ ಎಡದಿಂದ ಬಲಕ್ಕೆ, ಬಲದಿಂದ ಹಿಂದಕ್ಕೆ ತಿರುಗುತ್ತಿತ್ತು, ಸದ್ದು ಎಲ್ಲಿದೆಯೋ ಅಲ್ಲಿಗೆ. ಕಾಣದ ಗಾಡಿಯನ್ನು ಐದು ಕಿಲೋಮೀಟರು ಕಿವಿಯಿಂದ ಬೆನ್ನು ಹತ್ತಿ ಹೋಗಿ, ಅದರ ಜೊತೆಯಲ್ಲೇ ತಿರುಗಿ ಬರುತ್ತಿದ್ದ.

ಮೂರೂವರೆಗೆ ಹೊರಟರು. ಮಾರ್ಟಿನ್ ಮುಂದೆ ನುಗ್ಗಿದ. ಸ್ವಲ್ಪದರಲ್ಲೇ ಬೆಜ್ಜೆಕಿ ಅವನನ್ನು ದಾಟಿದ, ದಾಟಿದವನು ಮತ್ತೆ ಯಾರ ಕೈಗೂ ಸಿಗಲಿಲ್ಲ. ನಾಲ್ಕೈದು ಸುತ್ತಾಗುವುದರೊಳಗೆ ಮೊದಲ ಗಾಡಿಯ ಸದ್ದಿಗೂ ಎರಡನೆಯದರ ಸದ್ದಿಗೂ ನಡುವೆ ಒಂದು ಸಣ್ಣ ನಿಶ್ಶಬ್ದ ಹುಟ್ಟಿತು. ಸುತ್ತು ಸುತ್ತಿಗೆ ಅದು ಬೆಳೆಯಿತು. ನನಗೆ ಆ ಮಧ್ಯಾಹ್ನದಲ್ಲಿ ಅತ್ಯಂತ ರೋಮಾಂಚನವೆನಿಸಿದ್ದು ಆ ಖಾಲಿ ಜಾಗ. ಎಂಜಿನ್ನಿನ ಸದ್ದು ಯಾರಾದರೂ ಕೇಳಿಸಿಕೊಂಡಾರು, ಗೆಲುವು ಕೇಳಿಸುವುದು ಎಂಜಿನ್ನು ಇಲ್ಲದ ಕಡೆ.

"ಈಗ ಕಣ್ಣ ಮುಚ್ಚರಿ ಮಾಮಾ, ಬೆಜ್ಜೆಕಿ ಬಿಡ್ರಿ, ಅವನ ಹಿಂದ ಬರತಾವಲ್ಲ ಅವನ್ನ ಕೇಳ್ರಿ. ಒಂದು ಯಮಹಾ ಐತಿ. ಹಿಡೀರಿ ನೋಡೂಣು."

ಡುಕಾಟಿ, ಹೋಂಡಾ, ಕೆಟಿಎಂ, ಅಪ್ರಿಲಿಯಾ ನಾಲ್ಕೂ ಕಂಪನಿಗಳದು ವಿ ಆಕಾರದಲ್ಲಿ ಕೂಡಿಸಿದ ನಾಲ್ಕು ಸಿಲಿಂಡರು. ಸುಜುಕಿ ಹಿಂದಿನ ವರ್ಷ ಬಿಟ್ಟುಹೋದ ಮೇಲೆ, ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಎಂಜಿನ್ನು ಆಗ ಯಮಹಾ ಒಂದರದೇ ಆಗಿತ್ತು. ಓಡುತ್ತಿದ್ದದ್ದು ಎರಡೇ ಗಾಡಿ, ಒಂದರ ಮೇಲೆ ಫ್ರಾನ್ಸಿನ ಫಾಬಿಯೊ ಕ್ವಾರ್ಟರಾರೊ. ನಾನು ಅರಳೆ ತೆಗೆದೆ. ಮೊದಲ ಸಲ ತಪ್ಪಿದೆ, ಎರಡನೆಯ ಸಲವೂ. ಮೂರನೆಯ ಸುತ್ತಿಗೆ, ಗುಡುಗಿನಂಥ ಒರಟು ಸದ್ದುಗಳ ಹಿಂದೆ ತುಸು ದುಂಡಾದ, ಗಂಟಲು ಬಿಟ್ಟು ಹಾಡಿದಂಥ ಒಂದು ಸದ್ದು ಬಂತು. ಕೈ ಎತ್ತಿದೆ. ಕಣ್ಣು ಬಿಟ್ಟರೆ ನೀಲಿ ಗಾಡಿ. ಬೆಂಗಳೂರಿನ ಹುಡುಗರು ಚಪ್ಪಾಳೆ ತಟ್ಟಿದರು. ಅರವತ್ತೊಂದನೆಯ ವಯಸ್ಸಿನಲ್ಲಿ ಪರೀಕ್ಷೆ ಪಾಸಾದೆ.

ಆ ಉಮೇದಿಯಲ್ಲೇ ಎಡವಟ್ಟಾಯಿತು. ಬಾಯಾರಿ ನೀರಿನ ಬಾಟಲಿಗೆಂದು ಬೆಂಚಿನ ಕೆಳಗೆ ಬಗ್ಗಿದೆ. ಬಾಟಲಿ ಉರುಳಿ ಮುಂದಿನ ಸಾಲಿಗೆ ಹೋಗಿತ್ತು. ಅದನ್ನು ಹುಡುಕುತ್ತಿರುವಾಗ ತಲೆಯ ಮೇಲೆ ಸಾವಿರಾರು ಜನರ "ಹೋ..." ಎಂಬ ಉದ್ಗಾರ ಎದ್ದು, ಅರ್ಧಕ್ಕೇ ಕುಸಿಯಿತು. ಎದ್ದಾಗ ಎಲ್ಲರೂ ದೊಡ್ಡ ಪರದೆಯ ಕಡೆ ನೋಡುತ್ತಿದ್ದರು. ಎರಡನೆಯ ಸ್ಥಾನದಲ್ಲಿದ್ದ ಫ್ರಾನ್ಸೆಸ್ಕೊ ಬಾನ್ಯಾಯಾ ಬಿದ್ದಿದ್ದ. ಹಿಂದಿನ ವರ್ಷದ ಚಾಂಪಿಯನ್, ಈ ವರ್ಷವೂ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿದ್ದವನು. ಇಡೀ ಮೂರು ದಿನದ ದೊಡ್ಡ ಘಟನೆ ನಡೆದಾಗ ನಾನು ಬೆಂಚಿನ ಕೆಳಗಿದ್ದೆ.

ಅಳಿಯನ ಮುಖ ಇಳಿದಿತ್ತು. ಬಾನ್ಯಾಯಾ ಮೇಲೆ ಅವನಿಗೊಂದು ಒಳಗಿನ ಪ್ರೀತಿ, ಅದಕ್ಕೆ ಕಾರಣ ವಿಚಿತ್ರವಾದದ್ದು. ಮಹೀಂದ್ರಾ ಕಂಪನಿ 2011ರಿಂದ 2017ರ ತನಕ ಈ ಗ್ರ್ಯಾನ್ ಪ್ರಿ ರೇಸುಗಳಲ್ಲಿತ್ತು. ಅದಕ್ಕೆ ಮೊದಲ ಗೆಲುವು ತಂದುಕೊಟ್ಟವನು, 2016ರಲ್ಲಿ ನೆದರ್‌ಲ್ಯಾಂಡ್ಸಿನ ಆಸೆನ್ನಿನಲ್ಲಿ, ಆಗಿನ್ನೂ ಮೋಟೋ3 ಓಡಿಸುತ್ತಿದ್ದ ಈ ಬಾನ್ಯಾಯಾ. ಅವನಿಗೂ ಅದು ಮೊದಲ ಗ್ರ್ಯಾನ್ ಪ್ರಿ ಗೆಲುವು. ಸಾವಳಗಿಯಲ್ಲಿ ಮಹೀಂದ್ರಾ ಎಂದರೆ ಕಬ್ಬಿನ ಟ್ರ್ಯಾಲಿ ಎಳೆಯುವ ಟ್ರ್ಯಾಕ್ಟರು. "ನಮ್ಮ ಟ್ರ್ಯಾಕ್ಟರಿನವರ ಗಾಡಿ ಹೊಡದು ಮೇಲ ಬಂದ ಹುಡುಗ ಅಂವ" ಎಂದು ಅಳಿಯ ಗ್ಯಾರೇಜಿನಲ್ಲಿ ಎಲ್ಲರಿಗೂ ಹೇಳುತ್ತಿದ್ದ. ಕೇಳಿದವರಲ್ಲಿ ಅರ್ಧ ಜನ ಆ ಇಟಲಿಯವನು ಟ್ರ್ಯಾಕ್ಟರ್ ಡ್ರೈವರಾಗಿದ್ದನೆಂದೇ ತಿಳಿದಿದ್ದಾರೆ.

ಬೆಜ್ಜೆಕಿ ಎಂಟು ಸೆಕೆಂಡಿಗೂ ಮಿಗಿಲಾದ ಅಂತರದಲ್ಲಿ ಗೆದ್ದ. ಮಾರ್ಟಿನ್ ಎರಡನೆಯವನು, ನಮ್ಮ ಯಮಹಾದ ಕ್ವಾರ್ಟರಾರೊ ಮೂರನೆಯವನು. ಮಾರ್ಟಿನ್ ಗಾಡಿಯಿಂದ ಇಳಿದವನೇ ಕುರ್ಚಿಯಲ್ಲಿ ಕುಸಿದ. ಮೈಯಲ್ಲಿ ನೀರಿನಂಶ ಉಳಿದಿರಲಿಲ್ಲ, ಮೇಲೆ ನೀರು ಸುರಿದು ಉಪಚರಿಸುತ್ತಿದ್ದರು. ಪರದೆಯ ಮೇಲೆ ಅದನ್ನು ನೋಡಿ ನಮ್ಮ ಸಾಲು ತೆಪ್ಪಗಾಯಿತು. ಒಬ್ಬ ಬನಹಟ್ಟಿ ಹುಡುಗ ಮಾತ್ರ ಹಳದಿ ಅಂಗಿ ಬಿಚ್ಚಿ ತಲೆಯ ಮೇಲೆ ತಿರುಗಿಸುತ್ತ ಕುಣಿಯುತ್ತಿದ್ದ. ನಿನ್ನೆ ತಮ್ಮವನಿಂದಲೇ ಗುದ್ದಿಸಿಕೊಂಡವನು ಇವತ್ತು ಗೆದ್ದಿದ್ದ. ಅವನ ಕೂಗು ಸರ್ಕೀಟಿನ ಆ ಮೂಲೆಗೂ ಕೇಳಿಸಿರಬೇಕು.

ತಿರುಗಿ ಬರುವಾಗ ರೈಲಿನಲ್ಲಿ ಮೂವರೂ ಮಾತು ಕಡಿಮೆ ಮಾಡಿದೆವು. ನನ್ನ ಕಿವಿಯಲ್ಲಿ ಭೋಪಾಳದ ತನಕ ಗುಂಯ್ ಎನ್ನುವುದು ನಿಲ್ಲಲಿಲ್ಲ. ಅಳಿಯ ಮೇಲಿನ ಬರ್ತಿನಲ್ಲಿ ಮಲಗಿ, ಎದುರಿನಿಂದ ಗೂಡ್ಸು ಬಂದಾಗಲೆಲ್ಲ ಎಂಜಿನ್ನು ಯಾವುದೆಂದು ಹೇಳಲು ಪ್ರಯತ್ನಿಸಿ, ಸರಿಯೋ ತಪ್ಪೋ ಹೇಳುವವರಿಲ್ಲದೆ ಸುಮ್ಮನಾದ. ಮುಂದಿನ ವರ್ಷ ಮತ್ತೆ ಬರೋಣವೆಂದು ಅಲ್ಲೇ ಮಾತಾಯಿತು. ಮುಂದಿನ ವರ್ಷ ಆ ರೇಸು ನಮ್ಮ ದೇಶಕ್ಕೆ ಬರಲಿಲ್ಲ. ಕಾರಹುಣ್ಣಿವೆ ಬಂತು, ಊರಲ್ಲಿ ಕರಿ ಹರಿದರು, ಬಿಳಿ ಎತ್ತು ಮುಂದೆ ಬಂದರೆ ಬಿಳಿಜೋಳ, ಕೆಂದೆತ್ತು ಬಂದರೆ ಕೆಂಪು ಬೆಳೆ ಎಂದು ಹಿರಿಯರು ಲೆಕ್ಕ ಹಾಕಿದರು, ನಾವು ಬೆನ್ನು ಹತ್ತಿದೆವು.

ಸಾವಳಗಿ ಮುಟ್ಟಿದಾಗ ಗಣಪತಿ ಇನ್ನೂ ನೀರಿಗೆ ಹೋಗಿರಲಿಲ್ಲ. ಓಣಿಯ ಹುಡುಗರು ಟ್ರ್ಯಾಲಿಗೆ ಬಾಳೆಗಿಡ ಕಟ್ಟುತ್ತಿದ್ದರು. ಅಕ್ಕ ಡಬ್ಬಿ ತೆಗೆದು ನೋಡಿದಳು, ಹೋಳಿಗೆ ಖಾಲಿಯಾದದ್ದಕ್ಕೆ ಸಮಾಧಾನವಾಯಿತು. ಚಹಾ ಕೊಟ್ಟು ಕುಳಿತಳು.

"ಯಾರ ಗೆದ್ದರೋ?"

"ಬೆಜ್ಜೆಕಿ ಅಂತ ಬೇ. ಇಟಲಿಯಾವ."

"ನಿನ್ನ ಟ್ರ್ಯಾಕ್ಟರಿನ್ಯಾವ?"

"ಬಿದ್ದ."

ಅಕ್ಕ ಬಸಿಯನ್ನು ಕೆಳಗಿಟ್ಟಳು. ಗೆದ್ದವನ ಬಗ್ಗೆ ಮುಂದೆ ಒಂದು ಮಾತೂ ಕೇಳಲಿಲ್ಲ.

"ಎದ್ದ ನಿಂತನಿಲ್ಲೋ? ಅವರವ್ವ ಟಿವಿಯೊಳಗ ನೋಡಾಕತ್ತಿದ್ದಾಳ."

ಅಳಿಯ ನನ್ನ ಕಡೆ ನೋಡಿದ. ನಾನು ಬೆಂಚಿನ ಕೆಳಗಿದ್ದೆನಲ್ಲ. "ಎದ್ದ ಬೇ, ನಡಕೋತ ಹೋದ" ಎಂದು ಅವನೇ ಹೇಳಿ, ಕೀಲಿಕೈ ತೆಗೆದುಕೊಂಡು ಗ್ಯಾರೇಜಿನ ಕಡೆ ನಡೆದ. ವಾರದಿಂದ ಮುಚ್ಚಿದ ಬಾಗಿಲ ಮುಂದೆ ಆಗಲೇ ಮೂರು ಗಾಡಿ ನಿಂತಿದ್ದವು.